ಗಾಳಿಗೆ ಗೋಡೆ ಬೇಡ, ತಟ್ಟಿ ಸಾಕು

ನೀರಿನ ಲೆಕ್ಕ ಇಡದ ರೈತ ನಮ್ಮ ಬಾಗೇವಾಡಿ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಮಳೆ ಯಾವ ನಕ್ಷತ್ರಕ್ಕೆ ಬಂತು, ಹಸಿ ಎಷ್ಟು ಗೇಣು ಇಳಿಯಿತು, ಒಡ್ಡು ಎಲ್ಲಿ ಒಡೆಯಿತು, ಕೇಳಿದರೆ ಕಟ್ಟೆಯ ಮೇಲೆ ಕೂತ ಮುದುಕರೂ ಹೇಳುತ್ತಾರೆ. ಗಾಳಿಯ ಮಾತು ಬಂದರೆ ಮಾತ್ರ "ಈ ಸರ್ತಿ ಭಾಳ ಗಾಳಿ ಇತ್ರೀ" ಅಂದು ಸುಮ್ಮನಾಗುತ್ತೇವೆ. ಜೋಳ ನೆಲಕ್ಕೆ ಬಿದ್ದರೂ ಗಾಳಿ, ತೊಗರಿ ಹೂವು ಉದುರಿದರೂ ಗಾಳಿ. ಅದು ಬೆಳೆಯ ಒಳಗೆ ಹೇಗೆ ಹೊಗುತ್ತದೆ, ಎಲ್ಲಿ ಮೆತ್ತಗಾಗುತ್ತದೆ, ಎಲ್ಲಿ ಸಿಟ್ಟಿಗೇಳುತ್ತದೆ ಎಂದು ಕೂತು ನೋಡಿದವರು ಕಡಿಮೆ. ನಾನೂ ನೋಡಿರಲಿಲ್ಲ. ತಗಡು ನನಗೆ ನೋಡುವುದನ್ನು ಕಲಿಸಿತು.

ಕೆಲವು ವರ್ಷದ ಹಿಂದೆ ದನದ ಕೊಟ್ಟಿಗೆಯ ಹಳೇ ತಗಡು ಬಿಚ್ಚಿದ್ದೆವು. ಮುಂಗಾರಿಗೆ ಅರ್ಧ ಎಕರೆ ಉಳ್ಳಾಗಡ್ಡಿ ಇತ್ತು. ಜೂನ್ ತಿಂಗಳಿಂದ ಆಗಸ್ಟ್ ತನಕ ನಮ್ಮಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮಳೆ ತರದಿದ್ದರೂ ಗಾಳಿ ತನ್ನ ಪಾಳಿ ತಪ್ಪಿಸುವುದಿಲ್ಲ. ಸಸಿ ನಲುಗುತ್ತವೆಂದು ಪಡುವಲ ದಿಕ್ಕಿಗೆ ಗೂಟ ನೆಟ್ಟು, ಆಳೆತ್ತರ ತಗಡು ಸಾಲಾಗಿ ಬಡಿದೆ. ಗೋಡೆ ಕಟ್ಟಿದ ಹಾಗೆ ಆಯಿತು. ನೋಡಿದವರೆಲ್ಲ "ಚಲೋ ಮಾಡಿದಿ" ಅಂದರು.

ತಿಂಗಳೊಪ್ಪತ್ತಿನಲ್ಲಿ ಬೇರೆಯೇ ಕಂಡಿತು. ತಗಡಿಗೆ ಹತ್ತಿದ ನಾಲ್ಕೈದು ಸಾಲು ನೆಟ್ಟಗಿದ್ದವು. ಅಲ್ಲಿಂದ ಮುಂದೆ, ಆರು ಮಾರಿನಿಂದ ಹತ್ತು ಮಾರಿನ ತನಕ, ತಪ್ಪಲು ಹೆಣಿಗೆ ಹಾಕಿದಂತೆ ಒಂದರ ಮೇಲೊಂದು ತಿರುಚಿ ಬಿದ್ದಿತ್ತು. ಗಾಳಿಗೆ ಬಿದ್ದ ಬೆಳೆ ಒಂದೇ ದಿಕ್ಕಿಗೆ ಬೀಳಬೇಕಲ್ಲ, ಇದು ಎಲ್ಲಾ ದಿಕ್ಕಿಗೂ ಬಿದ್ದಿತ್ತು. ಇನ್ನೊಂದು, ಬಂಡಿ ಒಳಗೆ ಬರಲೆಂದು ನಡುವೆ ಎರಡು ತಗಡಿನಷ್ಟು ಜಾಗ ಬಿಟ್ಟಿದ್ದೆ. ಆ ಬಾಯಿಯ ನೇರಕ್ಕೆ ಉದ್ದಾನುದ್ದ ಒಂದು ಪಟ್ಟಿ, ಕುಂಟೆ ಎಳೆದ ಹಾಗೆ ಮಲಗಿಬಿಟ್ಟಿತ್ತು. ತಗಡು ಹಚ್ಚದ ಆಚೆ ಹೊಲದವನ ಬೆಳೆ ನನ್ನದಕ್ಕಿಂತ ಚೆನ್ನಾಗಿತ್ತು. ಅವನು ಏನೂ ಅನ್ನಲಿಲ್ಲ, ಅದೇ ಹೆಚ್ಚು ನಾಚಿಕೆ.

ಸಿಟ್ಟಿಗೆ ಒಂದು ಕೆಲಸ ಮಾಡಿದೆ. ಮನೆಯಲ್ಲಿದ್ದ ಹಳೇ ಸೀರೆಯ ಅಂಚು ಹರಿದು ಗೇಣುದ್ದದ ಚಿಂದಿ ಮಾಡಿ, ಕಟಿಗಿ ತುದಿಗೆ ಕಟ್ಟಿ, ತಗಡಿನ ಹಿಂದೆ ಮಾರಿಗೊಂದರಂತೆ ಹದಿನೈದು ಕಟಿಗಿ ನೆಟ್ಟೆ. ಗಾಳಿ ಪಡುವಲದಿಂದ ಬೀಸುತ್ತಿದೆ, ಚಿಂದಿ ಮೂಡಲಿಗೆ ಹಾರಬೇಕು. ತಗಡಿನ ಬೆನ್ನಿಗೆ ಹತ್ತಿರದ ಚಿಂದಿಗಳು ಉಲ್ಟಾ ತಗಡಿನ ಕಡೆಗೇ ಮುಖ ಮಾಡಿ ಹಾರುತ್ತಿದ್ದವು! ಏಳೆಂಟನೇ ಕಟಿಗಿಯ ಚಿಂದಿಗೆ ಹುಚ್ಚು ಹಿಡಿದಂತಾಗಿತ್ತು, ಒಮ್ಮೆ ಮೇಲೆ ಒಮ್ಮೆ ಕೆಳಗೆ. ಹನ್ನೆರಡನೆಯದು ಏನೂ ಆಗಿಲ್ಲವೆಂಬಂತೆ ಮೂಡಲಿಗೆ ಹಾರುತ್ತಿತ್ತು. ಗಾಳಿ ತಗಡಿನ ನೆತ್ತಿ ಹಾರಿ, ಆಚೆ ಧುಮುಕಿ, ಸುತ್ತು ಹೊಡೆಯುತ್ತಿತ್ತು. ಹಳ್ಳದ ನೀರು ಬಂಡೆ ಹಾರಿ ಬಿದ್ದಲ್ಲಿ ಮಡುವು ಮಾಡುವುದಿಲ್ಲವೇ, ಹಾಗೆ.

ಮರುವರ್ಷ ತಗಡು ತೆಗೆದು ತೊಗರಿ ಕಟಿಗಿಯ ತಟ್ಟಿ ಕಟ್ಟಿದೆ. ಒಂದು ಬೆರಳು ಕಟಿಗಿ, ಒಂದು ಬೆರಳು ಸಂದಿ. ಬಂಡಿ ದಾರಿಯನ್ನು ನೇರ ಬಿಡದೆ ಒಂದು ತಟ್ಟಿಯ ಹಿಂದೆ ಇನ್ನೊಂದು ಬರುವಂತೆ ಓರೆ ಮಾಡಿದೆ. ಚಿಂದಿ ನೆಟ್ಟು ನೋಡಿದರೆ ಎಲ್ಲವೂ ಮೂಡಲಿಗೇ ಹಾರುತ್ತಿದ್ದವು, ಆದರೆ ಸೋತವರ ಹಾಗೆ ಮೆಲ್ಲಗೆ. ಹತ್ತು ಮಾರಿನ ತನಕ ಆ ಮೆತ್ತನೆ ಇತ್ತು. ಇಳುವರಿ ಇಷ್ಟೇ ಹೆಚ್ಚಾಯಿತೆಂದು ಲೆಕ್ಕ ಕೊಡಲಾರೆ, ಆ ವರ್ಷದ ಮಳೆಯೂ ಬೇರೆ ಇತ್ತು. ತಪ್ಪಲು ತಿರುಚಲಿಲ್ಲ, ಇಷ್ಟು ಮಾತ್ರ ಕಣ್ಣಾರೆ ಕಂಡದ್ದು.

ಇದನ್ನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗನಿಗೆ ಹೇಳಿದೆ. "ಮಾಮಾ, ನೀ ಮಾಡಿದ್ದನ್ನ ನಮ್ಮ ಕಾಲೇಜಿನಾಗ ಪೆಟ್ಟಿಗಿಯೊಳಗ ಮಾಡ್ತಾರ, ಬಾ ತೋರಸ್ತೀನಿ" ಅಂದ. ಬೇರೆ ಕೆಲಸಕ್ಕೆ ಹೋದಾಗ ನೋಡಿ ಬಂದೆ. ಅದರ ಹೆಸರು ವಿಂಡ್ ಟನೆಲ್, ಅಂದರೆ ಗಾಳಿ ಸುರಂಗ. ಸುರಂಗ ಎಂದರೆ ನೆಲದೊಳಗಿನದಲ್ಲ, ಉದ್ದನೆಯ ಒಂದು ಡಬ್ಬಿ. ಮುಂದಿನ ಬಾಯಿ ಅಗಲ, ನಡುವೆ ಇಕ್ಕಟ್ಟು, ಹಿಂದೆ ದೊಡ್ಡ ಪಂಖ. ನಾನು ಪಂಖ ಮುಂದಿನಿಂದ ಊದುತ್ತದೆ ಅಂದುಕೊಂಡಿದ್ದೆ. ಇಲ್ಲ, ಹಿಂದಿನಿಂದ ಎಳೆಯುತ್ತದೆ. ಊದಿದರೆ ಗಾಳಿ ಪಂಖದ ಸುತ್ತು ಹೊತ್ತುಕೊಂಡೇ ಬರುತ್ತದಂತೆ, ಎಳೆದರೆ ಸಮ ಬರುತ್ತದೆ. ಬಾಯಲ್ಲಿ ಜೇನುಹುಟ್ಟಿನಂಥ ಜಾಲರಿ ಇಟ್ಟು ಗಾಳಿಯನ್ನು ಇನ್ನೂ ನೆಟ್ಟಗೆ ಮಾಡುತ್ತಾರೆ. ನಡುವಿನ ಗಾಜಿನ ಕಿಟಕಿಯಲ್ಲಿ ವಿಮಾನದ ರೆಕ್ಕೆಯ ಸಣ್ಣ ನಮೂನೆ ಇಟ್ಟಿದ್ದರು. ಹೊಗೆ ಬಿಟ್ಟರೆ ಗಾಳಿ ಹೋಗುವ ದಾರಿ ಕಾಣುತ್ತದೆ. ನನ್ನ ಚಿಂದಿಯ ಕೆಲಸವನ್ನೇ ಅಲ್ಲಿ ಹೊಗೆ ಮಾಡುತ್ತಿತ್ತು.

"ಸಾಹೇಬ್ರ, ಇದರಾಗ ಒಂದು ಬೇವಿನ ಟೊಂಗಿ ಇಡಬಹುದೇನ್ರಿ?" ಎಂದು ಅಲ್ಲಿಯ ಮಾಸ್ತರರನ್ನು ಕೇಳಿದೆ. ಅವರು ನಕ್ಕರು. ಎಲೆ ಹರಿದು ಪಂಖಕ್ಕೆ ಸಿಕ್ಕಿದರೆ ಕಾಲೇಜಿಗೆ ನಾನು ಜವಾಬು ಕೊಡಬೇಕಾಗುತ್ತದೆ ಅಂದರು. ಅವರ ಮಾತು ಸರಿ. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಈ ಡಬ್ಬಿ ಶುರುವಾದದ್ದು ದೊಡ್ಡ ದೊಡ್ಡವರ ಕೈಯಲ್ಲೇ ಅಲ್ಲ. 1901ರಲ್ಲಿ ಅಮೆರಿಕದ ರೈಟ್ ಅಣ್ಣತಮ್ಮಂದಿರು ತಮ್ಮ ಸೈಕಲ್ ಅಂಗಡಿಯಲ್ಲಿ ಆರಡಿ ಉದ್ದದ ಕಟ್ಟಿಗೆ ಪೆಟ್ಟಿಗೆ ಮಾಡಿಕೊಂಡು, ರೆಕ್ಕೆಯ ನಮೂನೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ, 1903ರಲ್ಲಿ ಹಾರಿದರು. ನಮ್ಮ ರಾಜ್ಯಕ್ಕೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಿಂದ ವಿಮಾನ ವಿಜ್ಞಾನದ ವಿಭಾಗ ಇದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಶಬ್ದಕ್ಕಿಂತ ವೇಗದ ಗಾಳಿ ಹುಟ್ಟಿಸುವ ಸುರಂಗ 1967ರಿಂದ ಇದೆ. ತೇಜಸ್ ವಿಮಾನದ ನಮೂನೆಯನ್ನು ಆ ಸುರಂಗದಲ್ಲಿಟ್ಟು ನೋಡಿದ್ದಾರೆ. ಹಾರುವುದಕ್ಕೆ ಇಷ್ಟು ಮಾಡಿದವರು ನೆಲದಲ್ಲಿ ನಿಂತೇ ಬಾಗುವ ಜೋಳಕ್ಕೂ ಒಂದಿಷ್ಟು ಮಾಡಬಹುದು ಎಂಬುದು ನನ್ನ ವಾದ.

ಹೊರದೇಶದಲ್ಲಿ ಗಿಡವನ್ನೂ ಸುರಂಗಕ್ಕೆ ಇಟ್ಟಿದ್ದಾರೆ. ಅಳಿಯ ಹುಡುಕಿ ಓದಿ ಹೇಳಿದ್ದರಲ್ಲಿ ನನಗೆ ಹಿಡಿಸಿದ್ದನ್ನು ಬರೆಯುತ್ತೇನೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತದೆ. ತಗಡಿಗೆ, ಗೋಡೆಗೆ ಈ ಲೆಕ್ಕ ತಪ್ಪುವುದಿಲ್ಲ. ಎಲೆ ಮಾತ್ರ ತಪ್ಪಿಸಿಕೊಳ್ಳುತ್ತದೆ. ಸ್ಟೀವನ್ ವೋಗೆಲ್ ಎಂಬ ಅಮೆರಿಕದ ವಿಜ್ಞಾನಿ ಮರದ ಎಲೆಗಳನ್ನು ಸುರಂಗದಲ್ಲಿಟ್ಟು 1989ರಲ್ಲಿ ಬರೆದ ಪ್ರಕಾರ, ಗಾಳಿ ಜೋರಾದಂತೆ ಕೆಲವು ಎಲೆ ಅಂಗಡಿಯವನ ಕಾಗದದ ಪೊಟ್ಟಣದ ಹಾಗೆ ಸುರುಳಿ ಸುತ್ತಿಕೊಳ್ಳುತ್ತವೆ. ಗೊಂಚಲಿನ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣಗಾಗುತ್ತವೆ. ಹಾಗಾಗಿ ಗಿಡದ ಮೇಲಿನ ನೂಕು ತಗಡಿನ ಮೇಲೆ ಏರಿದಷ್ಟು ಏರುವುದಿಲ್ಲ. ಬಾಗುವ ಗುಣವೇ ಗಿಡಕ್ಕೆ ರಕ್ಷೆ.

ಜೋಳದ ಹೊಲದಲ್ಲಿ ಗಾಳಿಗೆ ತೆರೆ ಎದ್ದು ಹೋಗುವುದನ್ನು ನೋಡದವರಿಲ್ಲ. ಜಪಾನಿನಲ್ಲಿ ಅದಕ್ಕೆ ಹೊನಾಮಿ ಅನ್ನುತ್ತಾರೆ, ಅಂದರೆ ತೆನೆಯ ಅಲೆ. 1955ರಲ್ಲೇ ಇನೋವೆ ಎಂಬವರು ಅದರ ಅಭ್ಯಾಸ ಮಾಡಿದ್ದರು. ಮುಂದೆ ಆಸ್ಟ್ರೇಲಿಯದ ಫಿನ್ನಿಗನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಸುರಂಗದ ತಳದಲ್ಲಿ ಬಾಗುವ ಕಡ್ಡಿಗಳನ್ನು ಬೆಳೆಯ ಹಾಗೆ ಒತ್ತಾಗಿ ನೆಟ್ಟು ಆ ತೆರೆಯನ್ನು ಒಳಗೇ ಎಬ್ಬಿಸಿದರು. ತಿಳಿದದ್ದು ಇಷ್ಟು: ತೆನೆಯ ಮೇಲಿನ ಗಾಳಿ ಓಡುತ್ತದೆ, ಬೆಳೆಯ ಒಳಗಿನ ಗಾಳಿ ತೆವಳುತ್ತದೆ. ಓಡುವುದು ತೆವಳುವುದು ಕೂಡುವ ಜಾಗದಲ್ಲಿ ಗಾಳಿ ಉರುಳು ಹಾಕಿಕೊಂಡು, ಇದ್ದಕ್ಕಿದ್ದಂತೆ ಬೆಳೆಯೊಳಗೆ ನುಗ್ಗುತ್ತದೆ. ಬೆಳೆ ಬೀಳಿಸುವುದು ದಿನದ ಸರಾಸರಿ ಗಾಳಿಯಲ್ಲ, ಈ ನುಗ್ಗು. ಹೊಲದ ಅಂಚಿನ ಗಿಡಕ್ಕೆ, ನಡುವೆ ಬೋಳು ಬಿದ್ದ ಜಾಗದ ಸುತ್ತಲಿನ ಗಿಡಕ್ಕೆ ಮರೆ ಇರುವುದಿಲ್ಲ, ನುಗ್ಗು ನೇರ ತಾಗುತ್ತದೆ. ಬೀಜ ಹುಟ್ಟದ ಜಾಗ ಬರೇ ಬೀಜದ ನಷ್ಟ ಅಂದುಕೊಂಡಿದ್ದೆವು, ಅದು ಗಾಳಿಗೆ ತೆರೆದ ಬಾಗಿಲು.

ಗಾಳಿ ತಡೆಯ ವಿಷಯಕ್ಕೆ ಬಂದರೆ, ಸುರಂಗದಲ್ಲೂ ಹೊಲದಲ್ಲೂ ಅಳೆದವರೆಲ್ಲ ಬಹುಪಾಲು ಒಂದೇ ಮಾತು ಹೇಳುತ್ತಾರೆ. ನೂರರಲ್ಲಿ ನಲವತ್ತರಿಂದ ಐವತ್ತು ಪಾಲು ಸಂದಿ ಇರುವ ತಡೆ ಗಟ್ಟಿ ಗೋಡೆಗಿಂತ ಮೇಲು. ಗೋಡೆ ಹತ್ತಿರದಲ್ಲಿ ಪೂರ್ತಿ ನಿಲ್ಲಿಸಿ ಆಚೆ ಮಡುವು ಮಾಡುತ್ತದೆ. ಸಂದಿಯಿಂದ ತೂರಿ ಬಂದ ಗಾಳಿ ಮೇಲಿನಿಂದ ಧುಮುಕುವ ಗಾಳಿಯನ್ನು ಎತ್ತಿ ಹಿಡಿಯುತ್ತದೆ, ಹಾಗಾಗಿ ಮರೆ ದೂರದ ತನಕ ಸಿಗುತ್ತದೆ. ತಡೆಯ ಎತ್ತರದ ಹತ್ತು ಪಟ್ಟು ದೂರಕ್ಕೆ ಒಳ್ಳೆಯ ಮರೆ, ಇಪ್ಪತ್ತು ಪಟ್ಟಿನ ತನಕ ಅಷ್ಟಿಷ್ಟು. ನನ್ನ ತೊಗರಿ ತಟ್ಟಿಯ ಒಂದು ಬೆರಳು ಕಟಿಗಿ ಒಂದು ಬೆರಳು ಸಂದಿ ಈ ಲೆಕ್ಕಕ್ಕೆ ಸರಿಯಾಗಿ ಬಿದ್ದಿತ್ತು, ಅದೃಷ್ಟ ಅನ್ನಿ. ನಮ್ಮ ಹಿರಿಯರು ಕಣದಲ್ಲಿ ರಾಶಿ ತೂರುವಾಗ ಬಣವೆಯ ಬೆನ್ನಿಗೆ ಎಂದೂ ನಿಲ್ಲುತ್ತಿರಲಿಲ್ಲ. ಅಲ್ಲಿ ಹೊಟ್ಟು ತಿರುಗಿ ಮುಖಕ್ಕೇ ಬರುತ್ತದೆ. ಅವರಿಗೆ ಗೊತ್ತಿತ್ತು, ಮಷಿನು ಬಂದ ಮೇಲೆ ನಮಗೆ ಮರೆಯಿತು.

ಗಾಳಿ ವೈರಿಯೇ ಅಂತಲೂ ಅಲ್ಲ. ನಮ್ಮ ತಾಲೂಕಿನ ದ್ರಾಕ್ಷಿಯವರನ್ನು ಕೇಳಿ. ಒಳಗೆ ಗಾಳಿ ಆಡದಿದ್ದರೆ ಎಲೆಯ ತೇವ ಆರದೆ ಡೌನಿ ಬರುತ್ತದೆಂದು ಹೆಚ್ಚಿನ ಕುಡಿ ಚಿವುಟುತ್ತಾರೆ. ಒಣದ್ರಾಕ್ಷಿ ಶೆಡ್ಡಿಗೆ ಗೋಡೆ ಇಲ್ಲ, ಜಾಳಿಗೆ ಹಂತದ ಮೇಲೆ ಹಂತ, ಎರಡೂ ಕಡೆ ಗಾಳಿ ಆಡಬೇಕು. ನಮಗೆ ಬೇಕಾದದ್ದು ಗಾಳಿಯನ್ನು ಸೋಸುವ ಜಾಣತನ.

ಇನ್ನು ಬಿದ್ದ ಜೋಳದ ಮಾತು. ಇಂಗ್ಲೆಂಡಿನಲ್ಲಿ ಗೋಧಿ ಬೀಳುವುದನ್ನು ಅಭ್ಯಾಸ ಮಾಡಲು ಸುರಂಗವನ್ನೇ ಹೊಲಕ್ಕೆ ಒಯ್ದು, ನಿಂತ ಬೆಳೆಯ ಮೇಲೆ ಗಾಳಿ ಬಿಟ್ಟು ನೋಡಿದ್ದಾರೆ, 2003ರಲ್ಲಿ ಅದರ ವರದಿ ಬಂತು. ಬೀಳುವುದರಲ್ಲಿ ಎರಡು ಬಗೆ: ಕಾಂಡ ಮುರಿದು ಬೀಳುವುದು, ಬೇರು ಸಡಿಲಾಗಿ ಬುಡಸಮೇತ ವಾಲುವುದು. ಮಳೆಯಿಂದ ನೆಲ ಮೆತ್ತಗಾದಾಗ ಎರಡನೆಯದು. ನಮ್ಮ ಹಿಂಗಾರಿ ಜೋಳಕ್ಕೆ ಕೊನೆಗೆ ನೆಲವೇ ಒಣಗಿರುತ್ತದೆ, ಎರಿ ಬಿರಿದು ಕೈ ತೂರುವಷ್ಟು ಬಿರುಕು. ಬೇರು ಸಡಿಲಾಗಲು ಹಸಿ ಎಲ್ಲಿಯದು? ಈ ಸಲ ನಿಮ್ಮ ಹೊಲದಲ್ಲಿ ಬಿದ್ದರೆ ನಾಲ್ಕು ಗಿಡ ಕಿತ್ತು, ಬುಡದ ಕಾಂಡ ಸೀಳಿ ನೋಡಿ. ಒಳಗೆ ದಿಂಡು ಕರಗಿ, ನಾರು ಬಿಡಿಬಿಡಿಯಾಗಿ, ಇದ್ದಲಿ ಪುಡಿ ಉದುರಿಸಿದಂತೆ ಕರ್ರಗಿದ್ದರೆ ಅದು ಚಾರ್ಕೋಲ್ ರಾಟ್ ಎಂಬ ರೋಗ. ಕಾಳು ಕಟ್ಟುವ ಹೊತ್ತಿಗೆ ಹಸಿ ಆರಿದಾಗ ಬರುತ್ತದೆ. ಅಲ್ಲಿ ಗಾಳಿ ಕೊನೆಯ ನೂಕು ಕೊಟ್ಟಿತು ಅಷ್ಟೇ, ಬುಡ ಮೊದಲೇ ಸತ್ತಿತ್ತು. ಮಾಲದಂಡಿಯಂಥ ಎತ್ತರದ ಜೋಳ ಬಿಡಲು ನಾವು ತಯಾರಿಲ್ಲ, ರೊಟ್ಟಿಯೂ ಬೇಕು, ಕಣಿಕೆಯೂ ಬೇಕು. ಹಾಗಾದರೆ ಸಾಲು ತೀರಾ ಒತ್ತು ಮಾಡಬಾರದು, ಎಡೆ ಹೊಡೆದು ಬಿರುಕು ಮುಚ್ಚಬೇಕು, ಮೂಡಗಾಳಿ ಹಸಿ ಹೀರುವುದನ್ನು ಕಡಿಮೆ ಮಾಡಬೇಕು. ಕಡೆಯದಕ್ಕೆ ಬದುವಿನ ಮರ ಬೇಕು.

ಮರದ ಮಾತು ಎತ್ತಿದರೆ ಊರಲ್ಲಿ ಜಗಳ. ನಮ್ಮ ಎರಿ ಹೊಲದ ಬದುವಿನ ಮೇಲೆ ಜಾಲಿ, ಬೇವು ಇದ್ದವು. ಟ್ರ್ಯಾಕ್ಟರ್ ತಿರುಗಲು ಅಡ್ಡ ಎಂದು ಕೆಲವು ಹೋದವು, ನೆರಳು ಬೀಳುತ್ತದೆಂದು ಕೆಲವು ಹೋದವು. ಉಳಿದವುಗಳ ಕೆಳಗಿನ ಟೊಂಗೆಯನ್ನು ಆಡಿಗೆ ಕಡಿದು ಛತ್ರಿ ಮಾಡಿದ್ದೇವೆ. ಕೆಳಗೆ ಬೋಳು, ಮೇಲೆ ದಟ್ಟ. ಇದು ಬಹಳ ಕೆಟ್ಟ ತಡೆ. ಗಾಳಿ ಮೇಲೆ ಹೋಗಲಾರದೆ ಕೆಳಗಿನ ಬೋಳಿನಲ್ಲಿ ಇಕ್ಕಟ್ಟಾಗಿ, ವೇಗ ಹೆಚ್ಚಿಸಿಕೊಂಡು ಬೆಳೆಗೆ ಹೊಡೆಯುತ್ತದೆ. ನನ್ನ ಬಂಡಿ ಬಾಯಿಯಲ್ಲಿ ಆದದ್ದೇ ಅಲ್ಲೂ ಆಗುತ್ತದೆ. ಮರದ ಕೆಳಗೆ ಗ್ಲಿರಿಸಿಡಿಯಾವನ್ನೋ ಬೇರೆ ಯಾವುದಾದರೂ ಪೊದೆಯನ್ನೋ ಹಚ್ಚಿ ಬುಡದ ಕಿಂಡಿ ಅರ್ಧ ಮುಚ್ಚಬೇಕು. ಕರಿಜಾಲಿಯ ಎಲೆ ಸಣ್ಣ, ಗಾಳಿ ಸೋಸಲು ಚೆನ್ನಾಗಿದೆ ಎಂದು ನನ್ನ ಅಭಿಪ್ರಾಯ. ಮುಳ್ಳು ಒಂದು ತ್ರಾಸು.

ಯಾರ ಬದುವು, ಯಾರ ಲಾಭ ಎಂಬ ಪ್ರಶ್ನೆಗೆ ಒಂದು ಲೆಕ್ಕ ಹೇಳುತ್ತೇನೆ. ತೆಂಕು ಬಡಗು ಉದ್ದಕ್ಕೆ ಒಂದು ಬದುವು ಇದೆ ಅನ್ನಿ, ಮೇಲೆ ಇಪ್ಪತ್ತಡಿ ಮರದ ಸಾಲು. ಹತ್ತು ಪಟ್ಟು ಅಂದರೆ ಇನ್ನೂರಡಿ ಮರೆ. ಚೌಕ ಎಕರೆಯ ಒಂದು ಬದಿ 209 ಅಡಿ, ಹೆಚ್ಚುಕಡಿಮೆ ಒಂದು ಎಕರೆ ಅಗಲ. ಮುಂಗಾರಿಗೆ ಪಡುವಣ ಗಾಳಿ ಬಂದಾಗ ಮೂಡಲಿನ ಹೊಲದವನಿಗೆ ಮರೆ. ಹಿಂಗಾರಿಗೆ ಮೂಡಗಾಳಿ ತಿರುಗಿದಾಗ ಪಡುವಲಿನವನಿಗೆ ಮರೆ. ನೆರಳೂ ಹಾಗೆಯೇ, ಮುಂಜಾನೆಯದು ಪಡುವಲಿಗೆ, ಸಂಜೆಯದು ಮೂಡಲಿಗೆ. ಬೇರಂತೂ ಇಬ್ಬರಲ್ಲೂ ಹೋಗುತ್ತದೆ. ಅಂದ ಮೇಲೆ ಆ ಸಾಲು ಒಬ್ಬನದು ಹೇಗಾದೀತು? ಹಚ್ಚುವ ಖರ್ಚು, ಕಾಯುವ ಕೆಲಸ, ಕಡಿದ ಉರುವಲು ಎಲ್ಲ ಅರ್ಧರ್ಧ ಆಗಬೇಕು. ಒಬ್ಬನು ಹತ್ತು ಗಿಡ ಹಚ್ಚಿ, ಮುಂದಿನವನು ಬೋಳು ಬಿಟ್ಟರೆ ಸಾಲಿನ ತುದಿಯಲ್ಲಿ ಗಾಳಿ ಸುತ್ತಿಕೊಂಡು ನುಗ್ಗುತ್ತದೆ. ಸರಕಾರದ ಸಸಿ ಹಂಚಿಕೆ ಇಂದಿಗೂ ರೈತನಿಗೆ ಇಷ್ಟು ಸಸಿ ಎಂದು ಎಣಿಸುತ್ತದೆ. ನಾಲ್ಕಾರು ಹೊಲ ಕೂಡಿಸಿ ಇಷ್ಟು ಸಾಲು ಎಂದು ಎಣಿಸುವುದು ಯಾವಾಗ?

ಮರ ಹಸಿ ಕುಡಿಯುತ್ತದೆಂಬ ದೂರು ಸುಳ್ಳಲ್ಲ. ಮರದ ಮಗ್ಗುಲಿನ ಕೆಲವು ಸಾಲು ಸೊರಗಿಯೇ ಸೊರಗುತ್ತವೆ. ಬದುವಿನ ಗುಂಟ ಆಳ ನೇಗಿಲು ಹೊಡೆದು ಬೇರು ಕಡಿದರೆ ಸ್ವಲ್ಪ ತಡೆಯಬಹುದು. ಆದರೆ ಹೊಲದ ಪೂರ್ತಿ ಲೆಕ್ಕ ಹಾಕಬೇಕು. ಆಫ್ರಿಕದ ನೈಜರ್ ದೇಶದ ಮಜ್ಜಿಯ ಕಣಿವೆ ನಮಗಿಂತ ಒಣ ಸೀಮೆ. ಅಲ್ಲಿ 1975ರ ಸುಮಾರಿಗೆ ಸಜ್ಜೆ ಹೊಲಗಳಿಗೆ ಅಡ್ಡಲಾಗಿ ಬೇವಿನ ಜೋಡು ಸಾಲು ಹಚ್ಚಲು ಶುರು ಮಾಡಿದರು, ಸಾಲಿಂದ ಸಾಲಿಗೆ ಸುಮಾರು ನೂರು ಮೀಟರು. ಮರಕ್ಕೆ ಹೋದ ಜಾಗ ಕಳೆದರೂ ಸಜ್ಜೆ ಹೆಚ್ಚು ಬಂದದ್ದನ್ನು ಆಮೇಲೆ ಅಳೆದು ತೋರಿಸಿದ್ದಾರೆ. ಬೇವು ಆ ದೇಶಕ್ಕೆ ಹೋದದ್ದು ನಮ್ಮ ದೇಶದಿಂದಲೇ. ಅಲ್ಲಿ ಸಾಲುಗಟ್ಟಿ ನಿಂತಿತು, ಇಲ್ಲಿ ಛತ್ರಿಯಾಯಿತು.

ನಾನು ಕೇಳುವುದು ದೊಡ್ಡದಲ್ಲ. 1930ರ ದಶಕದಲ್ಲಿ ಅಮೆರಿಕದ ಬಯಲು ರಾಜ್ಯಗಳಲ್ಲಿ ಮಣ್ಣೇ ಹಾರಿಹೋದಾಗ ಅವರು 1935ರಿಂದ 1942ರೊಳಗೆ ಸುಮಾರು 22 ಕೋಟಿ ಮರಗಳನ್ನು ಸಾಲಾಗಿ ಹಚ್ಚಿದರು. ಅಷ್ಟಕ್ಕೇ ಬಿಡದೆ, 1947ರಲ್ಲಿ ಕನ್ಸಾಸ್ ರಾಜ್ಯದಲ್ಲಿ ಗಾಳಿ ಸವಕಳಿಯ ಅಭ್ಯಾಸಕ್ಕೆಂದೇ ಕೇಂದ್ರ ತೆರೆದರು. ಚೆಪಿಲ್ ಮತ್ತು ಅವರ ಸಂಗಡಿಗರು ಕೂತಲ್ಲೇ ಕೂರಲಿಲ್ಲ, ಒಯ್ಯಬಹುದಾದ ಸುರಂಗ ಮಾಡಿ ರೈತರ ಹೊಲದಲ್ಲೇ ಇಟ್ಟು ಗಾಳಿ ಬಿಟ್ಟರು. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಿಂದ ನಡೆದಿದೆ, ಹಿಟ್ನಳ್ಳಿಯಲ್ಲಿ ಕೇಂದ್ರವಿದೆ, ಕೃಷಿ ಕಾಲೇಜಿದೆ. ಅಲ್ಲಿಯವರು ಬೆಂಗಳೂರಿನ ವಿಮಾನದವರನ್ನು ಕೂಡಿಕೊಂಡು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ಒಂದು ಸುರಂಗ ಮಾಡಲಿ. ಡೋಣಿ ಸಾಲಿನ ಎರಿಯಲ್ಲಿ ನಿಂತ ಜೋಳದ ಮೇಲೆ, ತೊಗರಿಯ ಮೇಲೆ, ನಮ್ಮ ಕಣ್ಣೆದುರು ಗಾಳಿ ಬಿಡಲಿ. ಯಾವ ತಳಿ ಎಷ್ಟು ಗಾಳಿಗೆ ಮುರಿಯುತ್ತದೆ, ಯಾವ ಮರದ ಸಾಲು ಎಷ್ಟು ಸೋಸುತ್ತದೆ, ಅಂಕಿ ಕೊಡಲಿ. ಸುರಂಗದ ಸಣ್ಣ ಟೊಂಗೆ ಹೊಲದ ದೊಡ್ಡ ಮರದಂತೆ ನಡೆಯುವುದಿಲ್ಲ, ನಿಜ. ಅದಕ್ಕೇ ಸುರಂಗ ಹೊಲಕ್ಕೆ ಬರಬೇಕು ಅನ್ನುವುದು.

ನಮ್ಮ ಜಿಲ್ಲೆಯಲ್ಲಿ ಗಾಳಿಯಿಂದ ಕರೆಂಟು ತೆಗೆಯುವವರು ಯಂತ್ರ ನಿಲ್ಲಿಸುವ ಮೊದಲು ಎತ್ತರದ ಕಂಬ ನೆಟ್ಟು ವರ್ಷಗಟ್ಟಲೆ ಗಾಳಿ ಅಳೆಯುತ್ತಾರೆ. ಹವಾಮಾನದವರು ಸಾಮಾನ್ಯವಾಗಿ ಹತ್ತು ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ನಮ್ಮ ತೆನೆ ಇರುವುದು ಆರೇಳು ಅಡಿಯಲ್ಲಿ, ಉಳ್ಳಾಗಡ್ಡಿ ಮೊಣಕಾಲಿನ ಕೆಳಗೆ. ಅಲ್ಲಿಯ ಗಾಳಿ ಅಳೆಯಲು ಸದ್ಯಕ್ಕೆ ಸೀರೆ ಅಂಚಿನ ಚಿಂದಿಯೇ ಗತಿ. ಓದುಗರಲ್ಲಿ ಯಾರಾದರೂ ನೆಟ್ಟು ನೋಡಿದರೆ ಪತ್ರಿಕೆಗೆ ಬರೆಯಿರಿ, ತಡೆ ಯಾವುದು, ಎತ್ತರ ಎಷ್ಟು, ಚಿಂದಿ ಎಷ್ಟನೇ ಮಾರಿಗೆ ಹುಚ್ಚೆದ್ದಿತು ಎಂಬುದನ್ನು ಮರೆಯದೆ ತಿಳಿಸಿ.

ನನ್ನ ಪಡುವಲ ಬದುವಿನ ನೆರೆಯವನಿಗೆ ಈ ಅರ್ಧರ್ಧದ ಲೆಕ್ಕ ಹೇಳಿದ್ದೇನೆ. ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಬಂದು, "ಹಚ್ಚೂಣು ಕಾಕಾ, ಆದ್ರ ಜಾಲಿ ಬ್ಯಾಡ, ಬೇವು ಹಚ್ಚೂಣು" ಅಂದ. ನನಗೆ ಜಾಲಿಯೇ ಬೇಕು. ಮಿರಗ ಕೂಡುವುದರೊಳಗೆ ಒಂದು ಮಾತಿಗೆ ಬರಬೇಕು.